ಹ್ಯಾಲೋವೀನ್ ಸಂಜೆಯಲ್ಲಿ ನಮ್ಮ ಶಿವರಾತ್ರಿ ಕೀಟಲೆಯ ಕಥೆ ಹೇಳಬಹುದಾ?

ವಾಚನಾಲಯದಕ್ಕ, ಬದಿಯಡ್ಕ

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮದೊಂದು ಸಣ್ಣ ವಾಚನಾಲಯ ಇದೆ. ಭಾನುವಾರ ಮಧ್ಯಾಹ್ನ ಅಲ್ಲಿ ಮಕ್ಕಳಿಗೆ ಕಥೆ ಹೇಳುವ ಕೆಲಸ ನನ್ನದು. ಮನೆಯಲ್ಲಿ ತುಳು, ಮಲಯಾಳ, ಹವ್ಯಕ, ಮರಾಟಿ ಹೀಗೆ ಏನೇನೋ ಮಾತಾಡುವ ಮಕ್ಕಳು, ಒಟ್ಟಿಗೆ ಕೂತರೆ ಕನ್ನಡ. ಈ ಸಲ ಎಲ್ಲರೂ ಸೇರಿ ಒಂದೇ ಹಟ ಹಿಡಿದಿದ್ದಾರೆ. ಅಕ್ಟೋಬರ್ 31ಕ್ಕೆ ಹ್ಯಾಲೋವೀನ್ ಮಾಡಬೇಕಂತೆ. ಯೂಟ್ಯೂಬಿನಲ್ಲಿ ನೋಡಿ ನೋಡಿ ಅವರಿಗೆ ಎಲ್ಲ ಬಾಯಿಪಾಠ ಆಗಿದೆ, ಕುಂಬಳಕಾಯಿಗೆ ಕಣ್ಣು ಕೊರೆಯುವುದು, ವೇಷ ಹಾಕಿ ಮನೆಮನೆಗೆ ಹೋಗುವುದು, ಮಿಠಾಯಿ ಕೊಡದಿದ್ದರೆ ಕೀಟಲೆ ಮಾಡುವುದು.

ಸಮಿತಿಯ ಹಿರಿಯರು ಬೇಡ ಅಂದರು. ನಮ್ಮ ಹಬ್ಬವೇ ಸಾಕಷ್ಟು ಇದೆ, ಅದೆಲ್ಲ ಯಾಕೆ ಅಂತ. ನನಗೆ ಹಾಗೆ ಬಾಗಿಲು ಹಾಕಲು ಇಷ್ಟ ಇಲ್ಲ. ಮಕ್ಕಳಿಗೆ ಒಂದು ವಿಷಯದಲ್ಲಿ ಆಸೆ ಹುಟ್ಟಿದಾಗ ಅಲ್ಲಿಂದಲೇ ಕಲಿಸುವುದು ಸುಲಭ. ಆದರೆ ಸುಮ್ನೆ ಕಪ್ಪು ಪ್ಲಾಸ್ಟಿಕ್ ಕೋಟು ಹಾಕಿಸಿ ಚಾಕೊಲೇಟ್ ಹಂಚಿ ಕಳಿಸುವುದೂ ನನಗೆ ಬೇಡ.

ಹಾಗಾಗಿ ಎರಡು ಪ್ರಶ್ನೆ. ಬೇರೆ ಬೇರೆ ದೇಶಗಳಲ್ಲಿ ಮಕ್ಕಳು ಇಂಥ ರಾತ್ರಿಗಳಲ್ಲಿ ನಿಜಕ್ಕೂ ಏನು ಮಾಡುತ್ತಾರೆ, ಅಲ್ಲಿ ಇದ್ದು ನೋಡಿದವರು ಹೇಳುತ್ತೀರಾ? ಎರಡನೆಯದು, ನಮ್ಮಲ್ಲೇ ಶಿವರಾತ್ರಿ ಜಾಗರಣೆಯ ರಾತ್ರಿ ಗೇಟು ಕಳಚಿ ಬೇರೆಯವರ ಅಂಗಳದಲ್ಲಿ ಇಡುವುದು, ಎಳನೀರು ಕದಿಯುವುದು ಎಲ್ಲ ಇತ್ತಲ್ಲ, ಅದನ್ನು ಮಕ್ಕಳಿಗೆ ಹೇಳಬಹುದಾ? "ಕಳ್ಳತನ ಕಲಿಸಬೇಡಿ ಟೀಚರೇ" ಅಂತ ಒಬ್ಬರು ಆಗಲೇ ಹೇಳಿದ್ದಾರೆ. ನನಗೇನೋ ಹೇಳಬೇಕು ಅನ್ನಿಸುತ್ತದೆ. ನಿಮ್ಮ ಅಭಿಪ್ರಾಯ ಬೇಕು.

ಪೆರ್ಲದಿಂದ ಗ್ಲಾಸ್ಗೋಗೆ

ಅಕ್ಕ, ನಾನು ಪೆರ್ಲದವನು. ಕೆಲಸದ ಮೇಲೆ ಸ್ಕಾಟ್ಲೆಂಡಿನಲ್ಲಿದ್ದೇನೆ, ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ. ಮೊದಲನೇ ಪ್ರಶ್ನೆಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ಇಲ್ಲಿ ಮಕ್ಕಳು ವೇಷ ಹಾಕಿ ಹೋಗುವುದಕ್ಕೆ ಗೈಸಿಂಗ್ ಅನ್ನುತ್ತಾರೆ. ಅಮೆರಿಕದ ಪದ್ಧತಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಇಲ್ಲಿ ಬಾಗಿಲಲ್ಲಿ ನಿಂತು ಸುಮ್ನೆ ಕೈ ಚಾಚುವಂತಿಲ್ಲ. ಒಂದು ಹಾಡೋ, ಪದ್ಯವೋ, ಒಂದು ಜೋಕೋ ಏನಾದರೂ ಮಾಡಿ ತೋರಿಸಬೇಕು, ಆಮೇಲೆ ಹಣ್ಣು, ಕಡಲೆಬೀಜ, ಮಿಠಾಯಿ. ನನ್ನ ಸಣ್ಣವಳು ಹೋದ ವರ್ಷ ಅಜ್ಜಿ ಕಲಿಸಿದ ಒಂದು ಕನ್ನಡ ಒಗಟನ್ನು ಇಂಗ್ಲಿಷಿನಲ್ಲಿ ಹೇಳಿದಳು. ಪಕ್ಕದ ಮನೆಯ ಮುದುಕರಿಗೆ ಅದು ಎಷ್ಟು ಖುಷಿಯಾಯಿತೆಂದರೆ ಅವಳನ್ನು ಒಳಗೆ ಕರೆದು ಮತ್ತೊಮ್ಮೆ ಹೇಳಿಸಿದರು. ನಿಮ್ಮ ವಾಚನಾಲಯಕ್ಕೆ ಈ ರೀತಿ ತುಂಬ ಹೊಂದುತ್ತದೆ ಅಂತ ನನಗೆ ಅನ್ನಿಸುತ್ತದೆ.

ಕುಂಬಳಕಾಯಿ ಅಮೆರಿಕದ್ದು. ಐರ್ಲೆಂಡ್ ಮತ್ತು ಸ್ಕಾಟ್ಲೆಂಡಿನಲ್ಲಿ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗೆಡ್ಡೆಯನ್ನು. ಅದು ಕಲ್ಲಿನ ಹಾಗೆ ಗಟ್ಟಿ, ಒಳಗಿನದನ್ನು ಚಮಚದಲ್ಲಿ ಕೆರೆದು ತೆಗೆಯುವಾಗ ಕೈ ನೋಯುತ್ತದೆ. 1845ರ ನಂತರ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಭೀಕರ ಕ್ಷಾಮ ಬಂದಾಗ ಲಕ್ಷಗಟ್ಟಲೆ ಜನ ಅಮೆರಿಕಕ್ಕೆ ಹೋದರು, ಜೊತೆಗೆ ಈ ಆಚರಣೆಯೂ ಹೋಯಿತು. ಅಲ್ಲಿ ಚೀನಿಕಾಯಿ, ಅಂದರೆ ಸಿಹಿಗುಂಬಳ, ಧಾರಾಳ ಸಿಗುತ್ತಿತ್ತು, ದೊಡ್ಡದು, ಮೆತ್ತಗೆ. ಗೆಡ್ಡೆಯ ಜಾಗಕ್ಕೆ ಅದು ಬಂತು.

ಇನ್ನು ಇದರ ಬುಡ ನೋಡಿದರೆ ನಮ್ಮವರಿಗೆ ಏನೂ ಹೊಸದಲ್ಲ. ಬೆಳೆ ಮನೆಗೆ ಬಂದು ಚಳಿಗಾಲ ಶುರುವಾಗುವ ಹೊತ್ತಿಗೆ ಐರ್ಲೆಂಡಿನವರು ಸೌಅನ್ ಎಂಬ ಹಬ್ಬ ಮಾಡುತ್ತಿದ್ದರು. ಆ ರಾತ್ರಿ ಸತ್ತವರು ಮನೆಗೆ ಬರುತ್ತಾರೆ ಅಂತ ನಂಬಿಕೆ. ಕ್ರೈಸ್ತರಿಗೆ ನವೆಂಬರ್ 1 ಎಲ್ಲ ಸಂತರ ದಿನ, 2 ತೀರಿಹೋದವರ ದಿನ. ಸಂತರ ದಿನದ ಹಿಂದಿನ ಸಂಜೆಯೇ ಹ್ಯಾಲೋವೀನ್. ಇಂಗ್ಲೆಂಡಿನಲ್ಲಿ ಬಡ ಮಕ್ಕಳು ಮನೆಮನೆಗೆ ಹೋಗಿ, ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತೇವೆ ಅಂತ ಹಾಡಿ, ಒಂದು ಸಣ್ಣ ರೊಟ್ಟಿ ಪಡೆಯುತ್ತಿದ್ದರು. ಆಟಿ ತಿಂಗಳಲ್ಲಿ ಕುಲೆಗಳಿಗೆ, ಅಂದರೆ ತೀರಿಹೋದವರಿಗೆ, ಬಡಿಸುವುದನ್ನು ನೋಡಿದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಲು ಕಷ್ಟವೇ ಇಲ್ಲ. ದೀಪಾವಳಿಯಲ್ಲಿ ಬಲಿಯೇಂದ್ರನನ್ನು "ಕೂ" ಹಾಕಿ ಕರೆಯುತ್ತೇವಲ್ಲ, ಅವನೂ ವರ್ಷಕ್ಕೊಮ್ಮೆ ಮೂರು ದಿನಕ್ಕೆ ಅಂತ ಬರುವವನೇ.

ಕೊನೆಗೆ ನಿಮ್ಮ ಗೇಟಿನ ವಿಷಯ. ಐರ್ಲೆಂಡಿನ ಹಳ್ಳಿಗಳಲ್ಲಿ ಹ್ಯಾಲೋವೀನ್ ರಾತ್ರಿ ಹುಡುಗರ ಮುಖ್ಯ ಕೀಟಲೆಯೇ ಗೇಟು ಕಳಚುವುದು! ಅಮೆರಿಕದ ಕೆಲವು ಹಳ್ಳಿಗಾಡುಗಳಲ್ಲಿ ಆ ರಾತ್ರಿಗೆ ಗೇಟ್ ನೈಟ್ ಅಂತಲೇ ಹೆಸರಿತ್ತು.

ನಿವೃತ್ತ ಮಾಷ್ಟ್ರು, ಮುಳ್ಳೇರಿಯ

ಗೇಟಿನ ಮಾತು ಕೇಳಿ ಬರೆಯದೆ ಇರಲಾಗಲಿಲ್ಲ.

ಹೇಳಿ ಟೀಚರೇ, ಖಂಡಿತ ಹೇಳಿ. ಆದರೆ ಪೂರ್ತಿ ಹೇಳಿ. ಅರ್ಧ ಹೇಳಿದರೆ ಅದು ಕಳ್ಳತನದ ಕಥೆ ಆಗುತ್ತದೆ, ಪೂರ್ತಿ ಹೇಳಿದರೆ ಊರಿನ ಕಥೆ ಆಗುತ್ತದೆ.

ನಾನು ಹೇಳುತ್ತಿರುವುದು 1970ರ ದಶಕದ ಮಾತು. ನಮ್ಮ ಕಡೆ ಆಗ ಗೇಟು ಇದ್ದ ಮನೆಗಳೇ ಕಡಿಮೆ, ಹೆಚ್ಚಿನ ಕಡೆ ತಡಮೆ. ಶಿವರಾತ್ರಿಯ ರಾತ್ರಿ ದೊಡ್ಡವರು ದೇವಸ್ಥಾನದಲ್ಲಿ ಭಜನೆಗೆ ಕೂತರೆ ಹುಡುಗರಿಗೆ ನಿದ್ದೆ ಬಿಡಲು ಒಂದು ನೆಪ ಬೇಕಿತ್ತು. ಒಬ್ಬರ ಅಂಗಳದ ಒನಕೆ ಇನ್ನೊಬ್ಬರ ಹಟ್ಟಿಯಲ್ಲಿ, ಅವರ ಏಣಿ ಮತ್ತೊಬ್ಬರ ಬಾವಿಕಟ್ಟೆಯಲ್ಲಿ, ಬಾಗಿಲಿಗೆ ಅಡ್ಡ ಒಂದು ಬಾಳೆದಿಂಡು, ಚಾ ಅಂಗಡಿಯ ಬೆಂಚು ಶಾಲೆಯ ಅಂಗಳದಲ್ಲಿ. ಬೆಳಿಗ್ಗೆ ಎದ್ದು ಎಲ್ಲರೂ ತಮ್ಮ ತಮ್ಮ ಸಾಮಾನು ಹುಡುಕಿಕೊಂಡು ಮನೆಮನೆಗೆ ಹೋಗಬೇಕು. ಮಾತು ಬಿಟ್ಟ ಅಣ್ಣತಮ್ಮಂದಿರ ಸಾಮಾನನ್ನು ಬೇಕೆಂದೇ ಅದಲುಬದಲು ಮಾಡುತ್ತಿದ್ದೆವು. ಏಣಿ ಕೇಳಲಾದರೂ ಅಣ್ಣನ ಮನೆಯ ಜಗಲಿ ಹತ್ತಲೇಬೇಕಲ್ಲ. ಆ ಬೆಳಿಗ್ಗೆ ಬೈಗುಳವೂ ಇತ್ತು, ಕಾಫಿಯೂ ಇತ್ತು.

ಇದಕ್ಕೆ ನಿಯಮ ಇತ್ತು. ಯಾರೂ ಬರೆದಿಟ್ಟದ್ದಲ್ಲ, ದೊಡ್ಡ ಹುಡುಗರು ಸಣ್ಣವರಿಗೆ ಗದರಿಸಿ ಹೇಳುತ್ತಿದ್ದದ್ದು. ಎಳನೀರು ಕುಡಿಯಬಹುದು, ಅಡಿಕೆ ಮುಟ್ಟಬಾರದು. ಅಡಿಕೆ ಅಂದರೆ ವರ್ಷದ ಅನ್ನ. ದನದ ಹಗ್ಗ ಬಿಚ್ಚಬಾರದು. ಬಾವಿಗೆ ಏನೂ ಹಾಕಬಾರದು. ಸೂತಕದ ಮನೆ, ಬಾಣಂತಿ ಇರುವ ಮನೆ, ಒಬ್ಬಂಟಿ ಮುದುಕಿಯರ ಮನೆ, ಈ ಕಡೆಗೆಲ್ಲ ತಲೆ ಹಾಕಬಾರದು. ಮುರಿಯಬಾರದು. ಬಡವನ ಗಿಡದಿಂದ ಕೀಳಬಾರದು. ಇದನ್ನು ಮೀರಿದವನನ್ನು ಮುಂದಿನ ವರ್ಷ ಗುಂಪಿಗೆ ಸೇರಿಸುತ್ತಿರಲಿಲ್ಲ, ಅದು ಪೆಟ್ಟಿಗಿಂತ ದೊಡ್ಡ ಶಿಕ್ಷೆ.

ನಮ್ಮ ಕಡೆ ಮಾತ್ರ ಅಂತ ತಿಳಿಯಬೇಡಿ. ಮಲೆನಾಡಿನಲ್ಲಿ ದೀಪಾವಳಿಯ ಹೊತ್ತಿಗೆ ಬೂರೆಗಳವು ಅಂತ ಇದೆ, ಆ ರಾತ್ರಿ ತೋಟದ ತರಕಾರಿ, ಎಳನೀರು ಕದ್ದರೆ ಯಾರೂ ಪಂಚಾಯಿತಿಗೆ ಕರೆಯುವುದಿಲ್ಲ. ಉತ್ತರ ಕರ್ನಾಟಕದಲ್ಲಿ ಹೋಳಿಗೆ ಕಾಮನನ್ನು ಸುಡಲು ಹುಡುಗರು ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಬೈಸಿಕೊಳ್ಳುವುದೂ ಆಚರಣೆಯ ಒಂದು ಭಾಗವೇ.

ವೇಷದ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ನಿಮ್ಮ ಕಾರ್ಯಕ್ರಮ ಅಕ್ಟೋಬರ್ ಕೊನೆಗೆ, ಅಂದರೆ ತುಲಾ ತಿಂಗಳು. ಚಂದ್ರಗಿರಿ ಹೊಳೆಯ ಆಚೆ ಮಲಯಾಳ ಮಾತಾಡುವ ಊರುಗಳಲ್ಲಿ ಆಗ ಕೋದಾಮೂರಿಯಾಟ ಮನೆಮನೆಗೆ ಬರುತ್ತದೆ. ಒಬ್ಬ ಹುಡುಗ ಸೊಂಟಕ್ಕೆ ದನದ ರೂಪ ಕಟ್ಟಿಕೊಂಡಿರುತ್ತಾನೆ. ಜೊತೆಗೆ ಅಡಿಕೆ ಹಾಳೆಯ ಮುಖವಾಡ ಹಾಕಿದವರು ಬಂದು ಮನೆಯ ಯಜಮಾನನನ್ನೂ ಬಿಡದೆ ತಮಾಷೆ ಮಾಡುತ್ತಾರೆ. ಬೇರೆ ದಿನ ಆಡಲಾಗದ ಮಾತನ್ನು ಆ ದಿನ ಮುಖವಾಡದ ಹಿಂದೆ ನಿಂತು ಆಡಬಹುದು. ಹ್ಯಾಲೋವೀನ್ ಬೇಡ ಅನ್ನುವ ನಿಮ್ಮ ಸಮಿತಿಯವರಿಗೆ ಇದನ್ನು ಹೇಳಿ. ಅದೇ ತಿಂಗಳು, ಮುಖವಾಡ, ಮನೆಮನೆಗೆ ಹೋಗುವುದು, ಎಲ್ಲ ನಮ್ಮದೇ ಜಿಲ್ಲೆಯಲ್ಲಿ ಇದೆ.

ನರ್ಸ್ ಕುಂಬಳೆ

ಮಾಷ್ಟ್ರೇ, ನಿಮ್ಮ ಮಾತಿಗೆ ಗೌರವ ಇದೆ. ಆದರೂ ನಾನು ಒಪ್ಪುವುದಿಲ್ಲ.

ನಾನು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವಳು. ಶಿವರಾತ್ರಿಯ ಮರುದಿನ ಬೆಳಿಗ್ಗೆ ಏನು ಬರುತ್ತದೆ ಅಂತ ನಮಗೆ ಗೊತ್ತು. ರಸ್ತೆಗೆ ಅಡ್ಡ ಕಲ್ಲು ಇಡುತ್ತಾರೆ, ಮರದ ದಿಮ್ಮಿ ಎಳೆದು ಹಾಕುತ್ತಾರೆ, ತಿರುವಿನಲ್ಲಿ ಹಗ್ಗ ಕಟ್ಟುತ್ತಾರೆ. ನಸುಕಿಗೆ ಪೇಪರ್ ಹಾಕುವವರು, ಹಾಲಿನವರು, ಮೀನಿಗೆ ಹೋಗುವವರು ಬೈಕಿನಲ್ಲಿ ಬರುತ್ತಾರೆ. ನಮ್ಮ ನೆರೆಯವರೊಬ್ಬರು ಹಾಗೆ ಸ್ಕೂಟರಿನಿಂದ ಬಿದ್ದು ಮೊಣಕಾಲು ಒಡೆದುಕೊಂಡರು. ಇಂದಿಗೂ ಅವರು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಇದನ್ನು ಕೀಟಲೆ ಅನ್ನಲು ನನಗೆ ನಾಲಿಗೆ ಬರುವುದಿಲ್ಲ.

ನೀವು ಹೇಳಿದ ನಿಯಮ ಎಲ್ಲ ಚಂದ. ಆದರೆ ಅದು ಎಲ್ಲರಿಗೂ ಎಲ್ಲರ ಗುರುತು ಇದ್ದ ಕಾಲದ್ದು. ಈಗ ರಾತ್ರಿ ಬೈಕಿನಲ್ಲಿ ಮೂರು ಊರಿನಾಚೆಯಿಂದ ಬಂದವರು ಮಾಡಿ ಹೋಗುತ್ತಾರೆ. ಬೆಳಿಗ್ಗೆ ಬೈಸಿಕೊಳ್ಳಲು ಅವರು ಇರುವುದಿಲ್ಲ.

ಅಮೆರಿಕದವರಿಗೂ ಇದೇ ಆದದ್ದು. ಊರು ದೊಡ್ಡದಾದ ಹಾಗೆ ಗೇಟು ಕಳಚುವ ಕೀಟಲೆ ಹೋಗಿ ಕಿಟಕಿ ಒಡೆಯುವುದು, ಕಾರಿನ ಟಯರು ಕೊಯ್ಯುವುದು ಬಂತು. 1930ರ ದಶಕದಲ್ಲಿ ಪಟ್ಟಣಗಳಿಗೆ ಇದೊಂದು ದೊಡ್ಡ ತಲೆನೋವಾಗಿತ್ತು. ಆಗಲೇ ಅಲ್ಲಿನವರು ಮಕ್ಕಳಿಗೆ ಮೆರವಣಿಗೆ, ಪಾರ್ಟಿ, ಮನೆಮನೆ ಮಿಠಾಯಿ ಎಲ್ಲ ಏರ್ಪಾಡು ಮಾಡಿದ್ದು. ಅಯೋವಾ ರಾಜ್ಯದ ಡೆ ಮೊಯಿನ್ ಊರಿನಲ್ಲಿ 1938ರಲ್ಲಿ ಪೊಲೀಸರಿಗೆ ದೂರುಗಳ ರಾಶಿ ಬಿದ್ದ ಮೇಲೆ ಅಕ್ಟೋಬರ್ 30ರ ರಾತ್ರಿಯನ್ನು ಮಕ್ಕಳಿಗೆ ಅಂತಲೇ ಮಾಡಿದರು. ಇಂದಿಗೂ ಅಲ್ಲಿ ಮಗು ಒಂದು ಜೋಕ್ ಹೇಳಿದರೇ ಮಿಠಾಯಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮತ್ತು ಅದು ಮುಗಿದ ಮೇಲೂ ಸ್ವಲ್ಪ ಕಾಲ, 1942ರಿಂದ 1947ರವರೆಗೆ, ಸಕ್ಕರೆ ರೇಶನ್ ಇದ್ದದ್ದರಿಂದ ಮಿಠಾಯಿ ಹಂಚುವುದು ಕಡಿಮೆಯಾಗಿತ್ತು, ಆಮೇಲೆ ಎಲ್ಲ ಕಡೆ ಹಬ್ಬಿತು.

ಕೈಬಿಟ್ಟರೆ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಅಮೆರಿಕದ ಡೆಟ್ರಾಯಿಟ್ ಊರು ಇದೆ. ಹ್ಯಾಲೋವೀನಿನ ಹಿಂದಿನ ರಾತ್ರಿ ಅಲ್ಲಿ ಹಿಂದೆ ಕಾಲಿಂಗ್ ಬೆಲ್ ಒತ್ತಿ ಓಡುವಂಥ ಸಣ್ಣ ತುಂಟಾಟ ಇತ್ತು. ಅದೇ ಬೆಂಕಿ ಹಚ್ಚುವವರೆಗೆ ಬೆಳೆದು, 1984ರಲ್ಲಿ ಹ್ಯಾಲೋವೀನಿನ ಆಸುಪಾಸಿನ ಮೂರು ದಿನಗಳಲ್ಲಿ 800ಕ್ಕೂ ಹೆಚ್ಚು ಕಡೆ ಬೆಂಕಿ ಬಿತ್ತು. 1995ರಿಂದ ಸಾವಿರಾರು ಜನ ಸ್ವಯಂಸೇವಕರು ರಾತ್ರಿ ಬೀದಿ ಕಾದು ಅದನ್ನು ತಗ್ಗಿಸಬೇಕಾಯಿತು. ಟೀಚರ್, ಮಕ್ಕಳಿಗೆ ಮಿಠಾಯಿ ಕೊಡಿ, ಹಾಡಿಸಿ, ವೇಷ ಹಾಕಿಸಿ. ಶಿವರಾತ್ರಿಯನ್ನು ದೊಡ್ಡ ಸಾಹಸದ ಹಾಗೆ ಮಾತ್ರ ಹೇಳಬೇಡಿ.

ನಿವೃತ್ತ ಮಾಷ್ಟ್ರು, ಮುಳ್ಳೇರಿಯ

ತಂಗೀ, ರಸ್ತೆಗೆ ಕಲ್ಲು ಇಡುವುದನ್ನು ನಾನು ಯಾವತ್ತೂ ಸಮರ್ಥಿಸುವುದಿಲ್ಲ. ಅದು ಅಪರಾಧ. ನಿಮ್ಮ ನೆರೆಯವರ ವಿಷಯ ಓದಿ ಬೇಜಾರಾಯಿತು.

ಆದರೆ ನಾವು ಹೇಳದಿದ್ದರೆ ಮಕ್ಕಳಿಗೆ ಗೊತ್ತಾಗುವುದಿಲ್ಲವಾ? ಹತ್ತನೇ ಕ್ಲಾಸು ದಾಟುವ ಮೊದಲೇ ಯಾರೋ ಒಬ್ಬ ಕರೆದುಕೊಂಡು ಹೋಗುತ್ತಾನೆ. ಅವನಿಗೆ ಕಲ್ಲು ಇಡುವುದು ಗೊತ್ತು, ಬಾಣಂತಿಯ ಮನೆಯ ನಿಯಮ ಗೊತ್ತಿಲ್ಲ. ನಮ್ಮಂಥವರು ಬಾಯಿ ಮುಚ್ಚಿದ್ದರಿಂದಲೇ ನಿಯಮ ಸತ್ತುಹೋಗಿ ಕೀಟಲೆ ಮಾತ್ರ ಉಳಿದದ್ದು ಅಂತ ನನ್ನ ಗಟ್ಟಿ ಅಭಿಪ್ರಾಯ. ಟೀಚರ್ ಹೇಳಲಿ. ನಿಮ್ಮ ನೆರೆಯವರ ಮೊಣಕಾಲಿನ ಕಥೆಯನ್ನೂ ಜೊತೆಗೆ ಹೇಳಲಿ.

ಪೆರ್ಲದಿಂದ ಗ್ಲಾಸ್ಗೋಗೆ

ಮಾಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಜರ್ಮನಿಯ ಬವೇರಿಯಾದಲ್ಲಿ ಏಪ್ರಿಲ್ 30ರ ರಾತ್ರಿಗೆ ಫ್ರೈನಾಖ್ಟ್ ಅನ್ನುತ್ತಾರೆ. ಹುಡುಗರು ಗೇಟು ಕಳಚುತ್ತಾರೆ, ಅಂಗಳದ ಬೆಂಚು, ಹೂಕುಂಡ ಹೊತ್ತುಕೊಂಡು ಹೋಗಿ ಊರ ಮಧ್ಯದಲ್ಲಿ ಇಡುತ್ತಾರೆ. ಅಲ್ಲಿನ ಪೊಲೀಸರು ಪ್ರತಿವರ್ಷ ಮೊದಲೇ ತಿಳಿಸುತ್ತಾರೆ, ಇಂಥದ್ದು ತಮಾಷೆ, ಇಂಥದ್ದು ಅಪರಾಧ ಅಂತ. ಸಾಮಾನು ಅಡಗಿಸಿದರೆ ಸುಮ್ಮನಿರುತ್ತಾರೆ. ಒಡೆದರೆ, ರಸ್ತೆಗೆ ಅಡ್ಡ ಇಟ್ಟರೆ, ಚರಂಡಿಯ ಮುಚ್ಚಳ ತೆಗೆದರೆ ಕೇಸು. ನಮ್ಮ ಪಂಚಾಯತಿನವರೂ ಶಿವರಾತ್ರಿಗೆ ಮೊದಲು ಹೀಗೆ ಒಂದು ಮಾತು ಹೇಳಿದರೆ ಎಷ್ಟು ಒಳ್ಳೆಯದು.

ಉಪ್ಪಳದವ, ಶಾರ್ಜಾ

ಅಕ್ಕ, ಸಲಾಂ. ನಿಮ್ಮ ಮಕ್ಕಳಲ್ಲಿ ಅಪ್ಪಂದಿರು ಗಲ್ಫಿನಲ್ಲಿರುವವರು ಎಷ್ಟೋ ಮಂದಿ ಇರಬಹುದು, ಅವರಿಗಾಗಿ ಇದನ್ನು ಹೇಳಿ.

ಇಲ್ಲಿ ಯುಎಇಯಲ್ಲಿ ರಂಜಾನಿಗೆ ಮೊದಲಿನ ಶಾಬಾನ್ ತಿಂಗಳ ನಡುವೆ, 15ನೇ ದಿನದ ಹೊತ್ತಿಗೆ, ಹಗ್ ಅಲ್ ಲೈಲಾ ಅಂತ ಮಾಡುತ್ತಾರೆ. ಮಕ್ಕಳು ಮಿನುಗುವ ಹೊಸ ಬಟ್ಟೆ ಹಾಕಿ, ಕೊರಳಿಗೆ ಬಟ್ಟೆಯ ಚೀಲ ನೇತುಹಾಕಿಕೊಂಡು ಹಾಡುತ್ತಾ ಮನೆಮನೆಗೆ ಹೋಗುತ್ತಾರೆ. ಚೀಲದ ತುಂಬ ಕಡಲೆ, ಬಾದಾಮಿ, ಮಿಠಾಯಿ. ಕತಾರಿನಲ್ಲಿ ಇದನ್ನೇ ರಂಜಾನ್ 14ರ ರಾತ್ರಿ ಇಫ್ತಾರ್ ಆದ ಮೇಲೆ ಮಾಡುತ್ತಾರೆ, ಹೆಸರು ಗರಂಗಾವೊ. ಕುವೈತ್, ಬಹ್ರೇನಿನಲ್ಲಿಯೂ ರಂಜಾನಿನ ನಡುವೆ ಇಂಥದ್ದೇ ಇದೆ. ದೆವ್ವ ಭೂತ ಇಲ್ಲ, ಹೆದರಿಸುವುದಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಒಂದು ಎಮಿರಾತಿ ಕುಟುಂಬ ನನ್ನ ಮಗನನ್ನೂ ಸೇರಿಸಿಕೊಂಡಿತ್ತು. ಅವನಿಗೆ ಅರಬ್ಬಿ ಹಾಡು ಬಾರದು, ಆದರೂ ಅವರ ಮಕ್ಕಳ ನಡುವೆ ನಿಂತು ಗಟ್ಟಿಯಾಗಿ ಬಾಯಿ ಆಡಿಸಿದ.

ಇರಾನಿನವರೊಬ್ಬರು ನನ್ನ ಜೊತೆ ಕೆಲಸಕ್ಕಿದ್ದಾರೆ. ಅಲ್ಲಿ ಹೊಸವರ್ಷಕ್ಕೆ ಮೊದಲಿನ ಕೊನೆಯ ಬುಧವಾರದ ಹಿಂದಿನ ರಾತ್ರಿ ಮಕ್ಕಳು ಮುಖ ಮುಚ್ಚಿಕೊಂಡು ಬಟ್ಟಲಿಗೆ ಚಮಚ ಬಡಿಯುತ್ತಾ ಹೋಗುತ್ತಾರೆ, ಮಾತಾಡುವುದೇ ಇಲ್ಲ, ಸದ್ದು ಕೇಳಿದವರು ಬಟ್ಟಲಿಗೆ ತಿಂಡಿ ಹಾಕಬೇಕು. ಅದೇ ರಾತ್ರಿ ಬೆಂಕಿ ಹಾರುವುದೂ ಇದೆ. ಚಮಚದ ಆಟ ಸಣ್ಣ ಮಕ್ಕಳಿಗೆ ಚೆನ್ನಾಗಿರುತ್ತದೆ ಅಕ್ಕ, ಮಾತಾಡಲು ನಾಚುವ ಮಗುವೂ ಸೇರಬಹುದು.

ನೀರ್ಚಾಲಿನ ಹುಡುಗಿ

ಶಿವರಾತ್ರಿಯ ಕಥೆಯಲ್ಲಿ ಬರೀ ಹುಡುಗರೇ ಇದ್ದಾರೆ, ಗಮನಿಸಿದಿರಾ? ನಮ್ಮನ್ನು ರಾತ್ರಿ ಹೊರಗೆ ಬಿಡುತ್ತಿರಲಿಲ್ಲ. ಹುಡುಗರು ತೋಟದಲ್ಲಿ ನಗುವುದು ಕೇಳಿಸುತ್ತಿತ್ತು, ನಾವು ಒಳಗೆ ಚಾಪೆಯ ಮೇಲೆ ಇರುತ್ತಿದ್ದೆವು. ಟೀಚರ್, ನಿಮ್ಮ ಸಂಜೆಯಲ್ಲಿ ಹೆಣ್ಣುಮಕ್ಕಳಿಗೂ ಸಮ ಪಾಲು ಇರಲಿ ಅಂತ ಮೊದಲೇ ಕೇಳಿಕೊಳ್ಳುತ್ತೇನೆ.

ನಮಗೆ ಇದ್ದದ್ದು ಚೌತಿ. ಚೌತಿಯ ಚಂದ್ರನನ್ನು ನೋಡಿದರೆ ಕಳ್ಳತನದ ಸುಳ್ಳು ಅಪವಾದ ಬರುತ್ತದೆ, ಕೃಷ್ಣನಿಗೇ ಸ್ಯಮಂತಕ ಮಣಿಯ ಅಪವಾದ ಬಂದಿತ್ತು ಅಂತ ಅಜ್ಜಿ ಹೇಳುತ್ತಿದ್ದರು. ಅಪ್ಪಿತಪ್ಪಿ ಕಂಡರೆ? ಹೇಗೂ ಬೈಸಿಕೊಳ್ಳಬೇಕು, ಮೊದಲೇ ಬೈಸಿಕೊಂಡು ಮುಗಿಸಿಬಿಡೋಣ ಅಂತ ನಾವು ಅಕ್ಕತಂಗಿಯರು ಚಿಕ್ಕಮ್ಮನ ಚಪ್ಪರದಿಂದ ಮುಳ್ಳುಸೌತೆ ಕೊಯ್ದು ಓಡುತ್ತಿದ್ದೆವು. ಚಿಕ್ಕಮ್ಮ ಅಂಗಳದಲ್ಲಿ ನಿಂತು ಮನಸಾರೆ ಬೈಯುತ್ತಿದ್ದರು. ಉತ್ತರ ಪ್ರದೇಶ, ಬಿಹಾರದ ಕಡೆ ಈ ದಿನಕ್ಕೆ ಢೇಲಾ ಚೌತ್ ಅನ್ನುತ್ತಾರೆ. ಬೈಗುಳ ತಿನ್ನಲೆಂದೇ ಪಕ್ಕದ ಮನೆಯ ಮಾಡಿಗೆ ಕಲ್ಲು ಎಸೆಯುವ ಪದ್ಧತಿ ಅಲ್ಲಿತ್ತು.

ನನಗೆ ತುಂಬ ಇಷ್ಟವಾದದ್ದು ಜಪಾನಿನದ್ದು. ಅಲ್ಲಿ ಶರತ್ಕಾಲದ ಹುಣ್ಣಿಮೆಗೆ ಚಂದ್ರನಿಗೆ ಅಂತ ಜಗಲಿಯಲ್ಲಿ ಅಕ್ಕಿಹಿಟ್ಟಿನ ಉಂಡೆ ಇಡುತ್ತಾರೆ. ಕೆಲವು ಊರುಗಳಲ್ಲಿ ಆ ರಾತ್ರಿ ಮಕ್ಕಳು ಅದನ್ನು ಕದಿಯಬಹುದು. ಉದ್ದ ಕೋಲಿನ ತುದಿಗೆ ಮೊಳೆ ಕಟ್ಟಿ ಚುಚ್ಚಿ ಎಳೆಯುತ್ತಿದ್ದರಂತೆ. ಕದ್ದವರು ಚಂದ್ರ ಕಳಿಸಿದ ಮಕ್ಕಳು ಅಂತ ಲೆಕ್ಕ, ಉಂಡೆ ಹೋದರೆ ಮನೆಗೆ ಒಳ್ಳೆಯದು. ಮನೆಯವರು ಬೇಕೆಂದೇ ಕೈಗೆ ಸಿಗುವ ಹಾಗೆ ಇಡುತ್ತಾರೆ. ಚಿಕ್ಕಮ್ಮನಿಗೂ ಗೊತ್ತಿತ್ತು ಅಂತ ನನಗೆ ಈಗ ಅನ್ನಿಸುತ್ತದೆ. ಚೌತಿಯ ದಿನ ಚಪ್ಪರದ ಈಚೆ ಬದಿಯಲ್ಲಿ ಎಳೆಯ ಕಾಯಿ ಯಾವಾಗಲೂ ಇರುತ್ತಿತ್ತು.

ಮಂಜೇಶ್ವರದಿಂದ

ವೇಷದ ಬಗ್ಗೆ ಒಂದು ಮುಖ್ಯ ಮಾತು ಯಾರೂ ಹೇಳಲಿಲ್ಲ.

ಮಕ್ಕಳಿಗೆ "ನಿಮಗೆ ಬೇಕಾದ ವೇಷ ಹಾಕಿಕೊಂಡು ಬನ್ನಿ" ಅಂತ ಮಾತ್ರ ಹೇಳಬೇಡಿ. ನಮ್ಮ ಕಡೆ ಮಾರ್ನೆಮಿಗೆ, ಅಂದರೆ ನವರಾತ್ರಿಗೆ, ಹುಲಿ, ಕರಡಿ, ಸಿಂಹದ ಜೊತೆ ಕೊರಗ ವೇಷ ಅಂತಲೂ ಹಾಕುತ್ತಿದ್ದರು. ಮೈಗೆ ಮಸಿ ಬಳಿದು, ನಮ್ಮ ಜೊತೆಯಲ್ಲೇ ಬದುಕುವ ಒಂದು ಸಮುದಾಯದ ಜನರನ್ನು ನಗೆಪಾಟಲು ಮಾಡುವ ವೇಷ. ಕೊರಗರು ನಮ್ಮ ಕಾಸರಗೋಡಿನಲ್ಲೂ ಇದ್ದಾರೆ, ಅವರ ಮಕ್ಕಳು ನಿಮ್ಮ ವಾಚನಾಲಯಕ್ಕೂ ಬರುತ್ತಿರಬಹುದು. ಅವರನ್ನು ಶತಮಾನಗಳ ಕಾಲ ಅವಮಾನಿಸಿದ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿ ನಿಷೇಧಿಸಿತು. ಕಾನೂನು ಬಂದ ಮೇಲೂ "ಬರೀ ತಮಾಷೆ ಅಲ್ವಾ" ಅನ್ನುವವರನ್ನು ನಾನು ಕೇಳಿದ್ದೇನೆ. ತಮಾಷೆಗೆ ಒಳಗಾದವನು ನಗದಿದ್ದರೆ ಅದು ತಮಾಷೆ ಅಲ್ಲ.

ಅಮೆರಿಕದಲ್ಲೂ ಹ್ಯಾಲೋವೀನ್ ಬಂದರೆ ಇದೇ ಚರ್ಚೆ. ಕಪ್ಪು ಬಣ್ಣ ಬಳಿದುಕೊಳ್ಳುವುದು, ಅಲ್ಲಿನ ಮೂಲನಿವಾಸಿಗಳ ಗರಿಯ ಕಿರೀಟ ಹಾಕುವುದು ತಪ್ಪು ಅಂತ ಅಲ್ಲಿನ ಶಾಲೆಗಳಲ್ಲಿ ಹೇಳುತ್ತಾರೆ.

ಇನ್ನೂ ಒಂದು. ಆಟಿ ತಿಂಗಳಲ್ಲಿ ಮನೆಮನೆಗೆ ಬರುವ ಆಟಿ ಕಳೆಂಜ, ಮಲಯಾಳದ ಕಡೆಯ ಆಡಿ, ವೇಡನ್, ಗಳಿಂಜನ್, ಇವನ್ನು ಮಕ್ಕಳಿಂದ ವೇಷ ಹಾಕಿಸಬೇಡಿ. ಅದು ನಲಿಕೆ, ವಣ್ಣಾನ್, ಮಲಯ, ಕೋಪಾಳ ಸಮುದಾಯದವರು ವ್ರತದ ಹಾಗೆ ನಡೆಸಿಕೊಂಡು ಬಂದದ್ದು. ಊರಿನ ಮಾರಿ ಕಳೆಯಲು ಬರುವ ದೈವದ ರೂಪ ಅದು. ಕರ್ಕಾಟಕ ತಿಂಗಳಲ್ಲಿ, ಅಂದರೆ ಆಟಿಯಲ್ಲಿ, ಆಡಿ, ವೇಡನ್ ಕಟ್ಟುವುದು ಹೆಚ್ಚಾಗಿ ಆ ಸಮುದಾಯಗಳ ಶಾಲೆಗೆ ಹೋಗುವ ಮಕ್ಕಳೇ. ನೀವು ಬದಲಿಗೆ ಅಂಥ ಒಬ್ಬ ಹುಡುಗನನ್ನೋ ಅವನ ಅಪ್ಪನನ್ನೋ ಅತಿಥಿಯಾಗಿ ಕರೆದು ಮಾತಾಡಿಸಿ. ಮಳೆಯಲ್ಲಿ ಮನೆಮನೆ ಹತ್ತಿದ ಅನುಭವ ಅವರ ಬಾಯಿಂದಲೇ ಬರಲಿ. ಅವರಿಗೆ ಗೌರವಧನ ಕೊಡಿ.

ವಾಚನಾಲಯದಕ್ಕ, ಬದಿಯಡ್ಕ

ಎಲ್ಲರಿಗೂ ಎಷ್ಟು ಥ್ಯಾಂಕ್ಸ್ ಹೇಳಲಿ! ಮಂಜೇಶ್ವರದವರ ಮಾತನ್ನು ಇದ್ದ ಹಾಗೆಯೇ ಸಮಿತಿಯಲ್ಲಿ ಓದಿದೆ. ಯಾರೂ ಎದುರು ಮಾತಾಡಲಿಲ್ಲ. ಕೋದಾಮೂರಿಯ ವಿಷಯ ಕೇಳಿ ಬೇಡ ಅಂದಿದ್ದ ಅಜ್ಜನೊಬ್ಬರು ತಾವೇ ಬಂದು ಮಾತಾಡುತ್ತೇನೆ ಅಂದರು. ಅವರ ಅಮ್ಮನ ಊರು ನೀಲೇಶ್ವರದ ಕಡೆಯಂತೆ, ಸಣ್ಣವರಿರುವಾಗ ನೋಡಿದ್ದಾರೆ.

ಹೀಗೆ ಮಾಡೋಣ ಅಂತ ಇದ್ದೇವೆ. ವೇಷ ಪ್ರಾಣಿ ಪಕ್ಷಿ ಮರಗಳದ್ದು ಮಾತ್ರ. ವಾಚನಾಲಯದ ಸುತ್ತಲಿನ ಕೆಲವು ಮನೆಗಳಿಗೆ ಮೊದಲೇ ಹೇಳಿ ಇಟ್ಟು, ಕತ್ತಲಾಗುವ ಮೊದಲು ಹೋಗುವುದು. ಬಾಗಿಲಲ್ಲಿ ಒಂದು ಒಗಟು ಅಥವಾ ಹಾಡು, ನಾಚುವವರಿಗೆ ಬಟ್ಟಲು ಮತ್ತು ಚಮಚ. ಒಂದು ಮನೆಯವರು ಜಗಲಿಯಲ್ಲಿ ಉಂಡೆ ಇಡಲು ಒಪ್ಪಿದ್ದಾರೆ, ಹುಡುಗಿಯರ ಗುಂಪೇ ಮೊದಲು ಕದಿಯಲಿದೆ. ಶಿವರಾತ್ರಿಯ ಕಥೆ ಹೇಳುತ್ತೇನೆ, ಮಾಷ್ಟ್ರ ನಿಯಮಗಳ ಜೊತೆಗೆ, ನರ್ಸ್ ಅಕ್ಕ ಹೇಳಿದ ಮೊಣಕಾಲಿನ ಜೊತೆಗೆ. ನರ್ಸ್ ಅಕ್ಕ, ಆ ದಿನ ರಜೆ ಸಿಕ್ಕಿದರೆ ನೀವೇ ಬಂದು ಹೇಳಿದರೆ ಇನ್ನೂ ಒಳ್ಳೆಯದು. ಮರುದಿನ ನವೆಂಬರ್ 1, ಶಾಲೆಯಲ್ಲಿ ಕೇರಳಪ್ಪಿರವಿಯ, ಅಂದರೆ ಕೇರಳ ರಾಜ್ಯ ಹುಟ್ಟಿದ ದಿನದ, ಕಾರ್ಯಕ್ರಮ ಇರುತ್ತದೆ, ಹಾಗಾಗಿ ಏಳು ಗಂಟೆಗೆ ಎಲ್ಲರನ್ನೂ ಮನೆ ಮುಟ್ಟಿಸಬೇಕು.

ಒಂದು ಸಹಾಯ ಬೇಕು. ಅಂಗಡಿಯ ಪ್ಲಾಸ್ಟಿಕ್ ಮುಖವಾಡ ಬೇಡ, ಅಡಿಕೆ ಹಾಳೆಯಲ್ಲೇ ಮಾಡಿಸೋಣ ಅಂತ ಇದ್ದೇನೆ. ಒಣಗಿದ ಹಾಳೆ ಕತ್ತರಿಸಲು ಹೋದರೆ ಸೀಳಿಹೋಗುತ್ತದೆ. ಮಾಡಿ ಗೊತ್ತಿದ್ದವರು ಹೇಳಿ.

ತೋಟದವ, ಅಡೂರು

ಒಣಗಿದ್ದನ್ನು ಹಾಗೇ ಕತ್ತರಿಸಬೇಡಿ ಅಕ್ಕ. ಚೆನ್ನಾಗಿ ನೀರಿನಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಚೂರಿಯಲ್ಲಿ ಕಣ್ಣು ಬಾಯಿ ಕೊರೆಯಿರಿ. ಆ ಕೆಲಸ ದೊಡ್ಡವರು ಮಾಡಲಿ. ನಾರು ಉದ್ದಕ್ಕೆ ಇರುತ್ತದೆ, ಅಡ್ಡ ಕೊರೆಯುವಾಗ ಮೆಲ್ಲಗೆ. ದಾರ ಕಟ್ಟುವ ತೂತನ್ನು 31ಕ್ಕೆ ಮೊದಲೇ, ಹಸಿ ಇರುವಾಗಲೇ ಮಾಡಿ, ಅಂಚಿನಿಂದ ಒಂದು ಬೆರಳು ಒಳಗೆ. ಆಮೇಲೆ ಮುಖದ ಬಾಗು ಬರುವ ಹಾಗೆ ಒಂದು ಚೆಂಬಿನ ಮೇಲೆ ಕಟ್ಟಿ ಒಣಗಿಸಿ. ಬಣ್ಣಕ್ಕೆ ಇದ್ದಿಲ ಪುಡಿ ಕಪ್ಪು, ಅಕ್ಕಿಹಿಟ್ಟು ಬಿಳಿ, ಅರಶಿನಕ್ಕೆ ಚಿಟಿಕೆ ಸುಣ್ಣ ಸೇರಿಸಿದರೆ ಕೆಂಪು. ಸುಣ್ಣ ಕಲಸುವುದು ಮಾತ್ರ ಮಕ್ಕಳ ಕೈಗೆ ಕೊಡಬೇಡಿ, ಮುಖವಾಡದ ಒಳಬದಿಗೆ ಹಚ್ಚಲೂಬೇಡಿ, ಚರ್ಮ ಉರಿಯುತ್ತದೆ.

ಹಾಳೆ ನಮ್ಮಲ್ಲಿ ಬೇಕಾದಷ್ಟು ಇದೆ. ಎಷ್ಟು ಮಕ್ಕಳು ಅಂತ ಹೇಳಿ, ಅಗಲದ್ದೇ ಆರಿಸಿ ಕಟ್ಟಿ ಇಡುತ್ತೇನೆ. ಶನಿವಾರ ಮುಳ್ಳೇರಿಯಕ್ಕೆ ಜೀಪಿನಲ್ಲಿ ಬರುವುದಿದೆ, ಮಾಷ್ಟ್ರ ಮನೆಯಲ್ಲಿ ಇಳಿಸಬಹುದು.